ಬೇರು ಮೇಲಾಗಿ ಒಟ್ಟಿದ ರಾಶಿ

ಮೊದಲು ಫೋಟೊ ಬಂದವು, ಆಮೇಲೆ ಕಾಗದ. ಮಾಯಸಂದ್ರದ ಬಸ್‌ಸ್ಟ್ಯಾಂಡಿನ ಎದುರು ಅಂಗಡಿಯಲ್ಲಿ ಮಿಷಿನ್ನಿಗೆ ಗ್ರೀಸು ತಗೊಳ್ಳುತ್ತಿದ್ದೆ. ಮೊಬೈಲು ಏಳು ಸಲ ಬಡಿದುಕೊಂಡಿತು. ತೆಗೆದು ನೋಡಿದರೆ ನಮ್ಮ ಬಲೆ. ನಮ್ಮ ಘಟಕದ ಹನ್ನೊಂದು ಹೆಣ್ಣುಮಕ್ಕಳು ಎರಡು ತಿಂಗಳು ಕೂತು ನೇಯ್ದ ತೆಂಗಿನ ನಾರಿನ ಬಲೆ, ಕರಾವಳಿಯ ಮರಳುದಿಬ್ಬದ ಮೇಲೆ ಚಿಂದಿಯಾಗಿ ಜೋಲಾಡುತ್ತಿತ್ತು. ಒಂದು ಫೋಟೊದಲ್ಲಂತೂ ಕೆಳಗಿನ ಜೌಗಿನ ನೀರಿಗೇ ಇಳಿದುಬಿಟ್ಟಿತ್ತು. "ಯಾಕಕ್ಕ, ಯಾರಾದ್ರೂ ಹೋಗ್ಬುಟ್ರಾ?" ಅಂತ ಅಂಗಡಿಯವನು ಕೇಳಿದ. ನನ್ನ ಮುಖ ಹಾಗಾಗಿತ್ತೋ ಏನೋ.

ಈ ಬಲೆ ಮೀನು ಹಿಡಿಯೋದಲ್ಲ. ನಾರಿನ ಹಗ್ಗದಲ್ಲಿ ಇಂಚಿಂಚು ಕಣ್ಣು ಬಿಟ್ಟು ನೇಯುವ ಉದ್ದನೆಯ ಚಾಪೆ ಅನ್ನಿ. ಮಣ್ಣು ಜಾರುವ ಇಳಿಜಾರಿಗೆ ಹಾಸಿ ಬಿದಿರಿನ ಗೂಟ ಹೊಡೆದರೆ ಮಣ್ಣು ನಿಲ್ಲುತ್ತದೆ. ಎರಡು ಮೂರು ವರ್ಷಕ್ಕೆ ಬಲೆ ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಕರಾವಳಿಯ ಆ ಜಾಗದಲ್ಲಿ ಸಮುದ್ರಕ್ಕೂ ಒಳಗಿನ ಜೌಗುನೆಲಕ್ಕೂ ನಡುವೆ ಒಂದು ಸಾಲು ಮರಳುದಿಬ್ಬ ಇದೆ. ಬೇಲಿ ಹಾಕಿ, ಟಿಕೆಟ್ ಇಟ್ಟು, ಪ್ರಕೃತಿ ಉದ್ಯಾನ ಅಂತ ಅದನ್ನು ಕಾಪಾಡುತ್ತಾರೆ. ದಿಬ್ಬದ ಒಂದು ಮಗ್ಗುಲು ಅಲ್ಲಲ್ಲಿ ಗಾಳಿಗೆ ಸವೆದು, ಮರಳು ಜೌಗಿಗೆ ಬಿದ್ದು, ಹಕ್ಕಿಗಳು ಮೇಯುವ ನೀರು ಮುಚ್ಚಿಕೊಳ್ಳುತ್ತಿತ್ತು. ಆ ಮಗ್ಗುಲಿಗೆ ಬಲೆ ನೇಯ್ದು, ಹಾಸಿಯೂ ಕೊಡುವ ಕೆಲಸ ನಮಗೆ ಸಿಕ್ಕಿತ್ತು. ಶಿವರಾತ್ರಿ ಕಳೆದ ಮೇಲೆ ನಮ್ಮ ಮೇಸ್ತ್ರಿ ಐದು ಆಳು ಕರೆದುಕೊಂಡು ಹೋಗಿ, ಹತ್ತು ದಿನ ಇದ್ದು ಹಾಸಿ ಬಂದಿದ್ದ. ನಾನು ಹೋಗಿರಲಿಲ್ಲ. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ತಿಪಟೂರಿನಲ್ಲಿ ಆಸ್ಪತ್ರೆ ಸೇರಿದ್ದರು. ಅವರ ಮಂಚದ ಪಕ್ಕ ಕೂತು ಫೋನಿನಲ್ಲೇ ಕೆಲಸ ನಡೆಸಿದ್ದೆ.

ಉದ್ಯಾನದವರು ಫೋಟೊ ಕಳಿಸಿದ ನಾಲ್ಕನೇ ದಿನ ಅಲ್ಲಿನ ಅಧಿಕಾರಿಗಳ ಕಾಗದ ಬಂತು. ಒಳನಾಡಿನ ಒಣ ಮಟ್ಟೆಯಿಂದ ತೆಗೆದ ನಾರು ಕಳಪೆಯಾಗಿದ್ದು, ಸಮುದ್ರದ ಗಾಳಿಗೆ ತಾಳಿಲ್ಲ ಎಂದು ಕಂಡುಬರುತ್ತದೆ, ವಿವರಣೆ ಕೊಡಿ ಅಂತ. ಮೈಯೆಲ್ಲ ಉರಿದುಹೋಯಿತು. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗುಂಡಗೆ ಆಡುವ ತನಕ. ಆಮೇಲೆ ಸುಲಿದ ಮಟ್ಟೆ ಒಣಗಿರುತ್ತದೆ, ನಿಜ. ಅದಕ್ಕೇ ಬೇರೆಯವರಿಗಿಂತ ಎರಡು ಪಟ್ಟು ದಿನ ತೊಟ್ಟಿಯಲ್ಲಿ ನೆನೆಹಾಕಿ, ಆಮೇಲೆ ಮಿಷಿನ್ನಿಗೆ ಕೊಡುತ್ತೇವೆ. ನಾರು ಒರಟು, ಆದರೆ ಕಬ್ಬಿಣ. ನಮ್ಮ ಮಟ್ಟೆಯನ್ನು ಕಳಪೆ ಅನ್ನೋಕೆ ಇವರ್ಯಾರು?

ನನಗೆ ಹುಟ್ಟಿನಿಂದಲೇ ಅನುಮಾನದ ಬುದ್ಧಿ. ಮಟ್ಟೆ ಮಾರುವವನು ತೂಕಕ್ಕೆ ನೀರು ಹೊಡೆದು ತಂದಿದ್ದಾನೋ ಅಂತ ಗಾಡಿಯ ತಳಕ್ಕೆ ಕೈ ಹಾಕಿ ನೋಡುವವಳು ನಾನು. ಬಲೆಯ ಪ್ರತಿ ಸುರುಳಿಯ ಅಂಚಿಗೆ ಒಂದು ನೀಲಿ ದಾರ ಸೇರಿಸಿ ನೇಯಿಸುತ್ತೇನೆ, ಯಾರೂ ನಮ್ಮ ಸರಕು ಬದಲಿಸಿ ನಮ್ಮ ತಲೆಗೇ ಕಟ್ಟಬಾರದು ಅಂತ. ಈ ಸಲವೂ ನನ್ನ ಬುದ್ಧಿ ನೆಟ್ಟಗೆ ಅಲ್ಲಿಗೇ ಓಡಿತು. ಫೋಟೊ ದೊಡ್ಡದು ಮಾಡಿ ನೋಡಿದೆ. ಎರಡು ಕಡೆ ಹಗ್ಗದ ತುದಿ ನೆಟ್ಟಗಿತ್ತು. ಹರಿದರೆ ತುದಿ ಸೀಳಿಕೊಂಡು ಕೂದಲು ಬಿಟ್ಟಹಾಗೆ ಇರುತ್ತೆ, ಕೊಯ್ದರೆ ಮಾತ್ರ ನೆಟ್ಟಗೆ. ಯಾರೋ ಕೊಯ್ದಿದ್ದಾರೆ ಅನ್ನೋದು ಗ್ಯಾರಂಟಿ ಆಯಿತು.

ಅವತ್ತೇ ಕೂತು ಕಾಗದ ಬರೆದೆ. ನಮ್ಮ ಸರಕಿನಲ್ಲಿ ದೋಷವಿಲ್ಲ, ಬಲೆಯನ್ನು ಬೇಕೆಂದೇ ಕತ್ತರಿಸಲಾಗಿದೆ, ದಿಬ್ಬದ ಕಾವಲಿನವರನ್ನು ವಿಚಾರಿಸಿ ಕ್ರಮ ತಗೊಳ್ಳಬೇಕು ಅಂತ. ಕಾವಲಿನವರು ಗಂಡಸೋ ಹೆಂಗಸೋ ಅನ್ನೋದೂ ಆಗ ನನಗೆ ಗೊತ್ತಿರಲಿಲ್ಲ. ಕಾಗದ ಮುಟ್ಟಿದ ದಿನ ಅಧಿಕಾರಿಯೇ ಫೋನ್ ಮಾಡಿದರು. "ಮೇಡಂ, ಜಂಟಿ ಪರಿಶೀಲನೆ ಮಾಡೋಣ, ಬನ್ನಿ. ಸರಕಿನ ತಪ್ಪಾಗಿದ್ರೆ ನಿಮ್ಮ ಘಟಕದ ಹೆಸರು ಸರಕು ಕೊಡೋರ ಪಟ್ಟಿಯಿಂದ ತೆಗೀತೀವಿ. ಕಾವಲಿನ ತಪ್ಪಾಗಿದ್ರೆ ಆಕೆ ದಿನಗೂಲಿಯವಳು, ಅವತ್ತೇ ತೆಗೆದುಹಾಕ್ತೀನಿ. ನಿಮ್ಮ ದೂರೇ ಸಾಕು." ನಾನು "ತೆಗೀರಿ ಸಾರ್, ಅಂಥೋರು ಇರಬಾರದು" ಅಂದೆ. ಆ ಮಾತು ನನ್ನ ಬಾಯಿಂದಲೇ ಬಂದಿದ್ದು, ಮುಚ್ಚಿಡೋದಿಲ್ಲ.

ಮೇ ತಿಂಗಳ ಕೊನೆ. ಬೆಳಗ್ಗೆ ತಿಪಟೂರಿನಿಂದ ಹಾಸನ, ಅಲ್ಲಿಂದ ಘಾಟಿ ಇಳಿಯುವ ಬಸ್ಸು. ಜೊತೆಗೆ ಮೇಸ್ತ್ರಿ. ಕಂದಿಕೆರೆ ಕಡೆಯವನು, ಮಿಷಿನ್ನು ಕೂರಿಸಿದ ದಿನದಿಂದ ನಮ್ಮ ಜೊತೆಯಲ್ಲೇ ಇದ್ದಾನೆ, ನಾನು ನಂಬುವ ಒಬ್ಬನೇ ಮನುಷ್ಯ ಅನ್ನಬಹುದು. ದಾರಿಯುದ್ದಕ್ಕೂ ಅವನದು ಒಂದೇ ಮಾತು.

"ಅಕ್ಕ, ನಾವು ಮಾಡಿರೋ ಕೆಲ್ಸ ನೀವು ನೋಡ್ಬೇಕಿತ್ತು. ದಿಬ್ಬನ ಅಂಗಳ ಗುಡಿಸ್ದಂಗೆ ಮಾಡಿ ಹಾಸಿದ್ವಿ. ಅಲ್ಲಿಯೋರು ಬಾಯ್ ಬಿಟ್ಕಂಡು ನೋಡೋರು."

"ಗೂಟ ಎಷ್ಟು ದೂರಕ್ಕೊಂದು ಹೊಡ್ದೆ?"

"ನೀವೇಳ್ದಂಗೇ, ಮಾರಿಗೊಂದು. ಮೇಲ್ಗಡೆ ಮೊಣಕಾಲುದ್ದ ಕಾಲುವೆ ತೋಡಿ, ಬಲೆ ತುದಿ ಅದ್ರೊಳಕ್ಕೆ ಮಡಿಚಿ ಮುಚ್ಚಿವ್ನಿ. ಆನೆ ಎಳುದ್ರೂ ಬರಾಕಿಲ್ಲ."

"ಮತ್ತೆ ಯಾಕಪ್ಪ ಬಂತು?"

"ಕಳ್ರು ಕಣಕ್ಕ. ಅಲ್ಲೊಬ್ಳವ್ಳೆ, ಕಾವ್ಲಿನೋಳು. ನಾವು ಕೆಲ್ಸ ಮಾಡೋವಾಗ್ಲೂ ಬಂದು ಅದು ಮುಟ್ಬೇಡಿ ಇದು ಮುಟ್ಬೇಡಿ ಅಂತ ತಲೆ ತಿನ್ನೋಳು. ಅವ್ಳ್ದೇ ಕೆಲ್ಸ."

ನನಗೆ ಇನ್ನೇನು ಬೇಕು? ಮುಖ ನೋಡದ ಹೆಂಗಸಿನ ಮೇಲೆ ದ್ವೇಷ ಕಟ್ಟಿಕೊಂಡೇ ಘಾಟಿ ಇಳಿದೆ.

ಮಾರನೇ ದಿನ ಬೆಳಗ್ಗೆ ಉದ್ಯಾನದ ಗೇಟಿನಲ್ಲಿ ಇಳಿದರೆ ನಮ್ಮ ಚೀಲವನ್ನೇ ತಡಕಾಡಿದರು. ಪ್ಲಾಸ್ಟಿಕ್ ಬಾಟಲಿ ಇದೆಯಾ, ತಿಂಡಿ ಪೊಟ್ಟಣ ಇದೆಯಾ ಅಂತ. ತಡಕಾಡಿದವಳೇ ಆ ಕಾವಲಿನವಳು. ನಲವತ್ತೈದರ ಆಸುಪಾಸು, ಸೀರೆಯ ಮೇಲೆ ಖಾಕಿ ಅಂಗಿ, ಕುತ್ತಿಗೆಯಲ್ಲಿ ಸೀಟಿ. ಮೊದಲು ಆ ಜೌಗಿನಲ್ಲೇ ಚಿಪ್ಪುಮೀನು ಹೆಕ್ಕಿ ಮಾರುತ್ತಿದ್ದವಳು, ಉದ್ಯಾನ ಆದ ಮೇಲೆ ಹೆಕ್ಕುವುದು ನಿಂತು ಈ ಕೆಲಸ ಕೊಟ್ಟಿದ್ದರಂತೆ. ಮೇಸ್ತ್ರಿಯ ಮುಖ ನೋಡಿದವಳೇ ತುಟಿ ಬಿಗಿದಳು. ನೋಡ್ದಾ, ಒಳಗೆ ಅಳುಕಿದೆ, ಅಂದುಕೊಂಡೆ.

ಅಧಿಕಾರಿ ಬಂದರು. ನಾಲ್ಕೂ ಜನ ಮರದ ಹಲಗೆ ಹಾಸಿದ ದಾರಿಯಲ್ಲಿ ನಡೆದೆವು. ಹುಟ್ಟಿದಾಗಿನಿಂದ ಮಣ್ಣಿನ ಬದು ನೋಡಿದವಳಿಗೆ ಆ ಮರಳು ಒಂದು ಥರಾ ದಿಗಿಲು. ಕಾಲಿಟ್ಟರೆ ನಿಲ್ಲೋದಿಲ್ಲ. ಎಡಕ್ಕೆ ಸಮುದ್ರ ಬಡಿದುಕೊಳ್ಳುತ್ತಿದೆ, ಬಲಕ್ಕೆ ತಗ್ಗಿನಲ್ಲಿ ಜೌಗು, ಅದರ ತುಂಬ ಬೆಳ್ಳಕ್ಕಿ, ನೀರುಕೋಳಿ. ನಡುವೆ ದಿಬ್ಬ. ಗಾಳಿ ಬೀಸಿದಾಗ ಅದರ ನೆತ್ತಿಯಿಂದ ಮರಳು ಹೊಗೆಯ ಹಾಗೆ ಏಳುತ್ತಿತ್ತು. ಇದನ್ನು ನೋಡೋಕೆ ಜನ ಟಿಕೆಟ್ ಕೊಟ್ಟು ಬರುತ್ತಾರಾ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೂ ಇತ್ತು.

ನಾನು ಕೆಲಸಕ್ಕೆ ಇಳಿದೆ. ಮೊದಲು ನೀಲಿ ದಾರ ಹುಡುಕಿದೆ. ಎಲ್ಲ ಸುರುಳಿಯಲ್ಲೂ ಇತ್ತು, ಅಂದರೆ ಸರಕು ಬದಲಾಗಿಲ್ಲ. ಆಮೇಲೆ ಹಗ್ಗದ ಎಳೆ ಬಿಡಿಸಿ ಮೂಸಿದೆ. ಕೊಳೆತ ನಾರಿನಿಂದ ಹುಳಿ ನಾತ ಬರುತ್ತೆ, ಇದರಿಂದ ಬರಲಿಲ್ಲ. ಒಂದಿಷ್ಟು ಎಳೆಯನ್ನು ಜೌಗಿನ ಉಪ್ಪುನೀರಲ್ಲಿ ಅದ್ದಿ, ಅಧಿಕಾರಿಯ ಕೈಗೇ ಕೊಟ್ಟು "ಹಿಂಡಿ ತಿರುಚಿ ಸಾರ್" ಅಂದೆ. ಅವರು ಮುಖ ಕೆಂಪಾಗುವ ತನಕ ತಿರುಚಿದರು. ಮುರಿಯಲಿಲ್ಲ. ನೀರು ಕಾಣದ, ನೆರಳಲ್ಲಿ ಬಿದ್ದಿದ್ದ ತುಂಡು ತಂದು ಹೋಲಿಸಿ ತೋರಿಸಿದೆ. ಬಣ್ಣ ಬಿಟ್ಟರೆ ಏನೂ ವ್ಯತ್ಯಾಸ ಇಲ್ಲ.

"ಸರಕು ಸರಿ ಇದೆ," ಅಂತ ಅವರು ಒಪ್ಪಿಕೊಂಡು ಬರೆದುಕೊಂಡರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಆಮೇಲೆ ಕೊಯ್ದ ತುದಿಗಳು. ನೀರಿನ ಅಂಚಿನಲ್ಲಿ ಒಂದಲ್ಲ ಎರಡಲ್ಲ, ಒಂಬತ್ತು ಕಡೆ ಸಿಕ್ಕವು. ಕುಡುಗೋಲಿನ ಏಟು, ಸಂಶಯವೇ ಇಲ್ಲ. "ಇದನ್ನ ಗಾಳಿ ಕೊಯ್ತಾ ಸಾರ್?" ಅಂದೆ. ಕಾವಲಿನವಳು ಸಮುದ್ರದ ಕಡೆ ತಿರುಗಿ ನಿಂತಿದ್ದಳು.

ನಾನು ಅಷ್ಟಕ್ಕೆ ಬಿಡುವವಳಲ್ಲ. ಗೇಟಿನ ಪಕ್ಕದಲ್ಲೇ ಅವಳ ಮನೆ ಅಂತ ಮೇಸ್ತ್ರಿ ಹೇಳಿದ್ದ. ವಾಪಸ್ಸು ಬರುವಾಗ ಬೇಕೆಂದೇ ಆ ಬೇಲಿಯ ಹತ್ತಿರ ಹಾದೆ. ಕೋಳಿಗೂಡಿನ ಮೇಲೆ ನಾರಿನ ಬಲೆ ಹೊದಿಸಿತ್ತು. ಅಂಚು ಎತ್ತಿ ನೋಡಿದೆ. ನೀಲಿ ದಾರ.

"ಇದೇನಮ್ಮ ಇದು?" ನನ್ನ ದನಿ ನನಗೇ ಕೇಳಿಸುವಷ್ಟು ಜೋರಾಗಿತ್ತು.

"ಕಾಣುವುದಿಲ್ವಾ? ನಿಮ್ಮ ಬಲೆ."

"ಇಲ್ಲಿಗೆ ಹೆಂಗೆ ಬಂತು?"

"ಜಾರಿ ನೀರಿಗೆ ಬಿದ್ದಿತ್ತು. ಬೆಳ್ಳಕ್ಕಿಯ ಕಾಲು ಸಿಕ್ಕಿಕೊಂಡಿತ್ತು. ಎರಡು ಸತ್ತೇ ಹೋದವು. ಬದುಕಿದ್ದನ್ನು ಬಿಡಿಸಲಿಕ್ಕೆ ಕೊಯ್ದೆ. ಕೊಯ್ದದ್ದನ್ನು ಪುನಃ ನೀರಿಗೇ ಹಾಕಬೇಕಿತ್ತಾ? ಮನೆಗೆ ತಂದೆ."

"ಯಾರ್ಗೆ ಹೇಳ್ದೆ?"

"ಕೊಯ್ದೆ ಅಂತ ಹೇಳಿದರೆ ಸರಕಾರದ ಸೊತ್ತು ಹಾಳು ಮಾಡಿದೆ ಅಂತ ನನ್ನ ಮೇಲೆಯೇ ಬರುತ್ತದೆ. ಎಂತಕ್ಕೆ ಹೇಳಲಿ?"

ಹಕ್ಕಿಯಂತೆ ಹಕ್ಕಿ! ಸಿಕ್ಕಿಬಿದ್ದ ಮೇಲೆ ಎಲ್ಲರಿಗೂ ಒಂದು ಹಕ್ಕಿ ಸಿಗುತ್ತದೆ, ಅಂದುಕೊಂಡೆ. ಮೇಸ್ತ್ರಿ ಹಿಂದಿನಿಂದ "ನಾನೇಳ್ಲಿಲ್ವಾ ಅಕ್ಕ" ಅಂದ. ಅಧಿಕಾರಿ ಬಲೆಯ ಫೋಟೊ ತೆಗೆದುಕೊಂಡು, "ಮೂರು ಗಂಟೆಗೆ ಆಫೀಸಿಗೆ ಬನ್ನಿ. ವರದಿ ಟೈಪ್ ಮಾಡಿಸಿರ್ತೀನಿ, ಸಹಿ ಹಾಕಿ ಹೊರಡಿ" ಅಂದರು. ಅವಳ ಕಡೆ ತಿರುಗಿ, "ನೀನೂ ಬಾ, ಅಂಗಿ ಕೊಟ್ಟು ಹೋಗು" ಅಂದರು. ಅವಳ ಕೆಲಸ ಅಲ್ಲಿಗೆ ಮುಗಿದಹಾಗೇ.

ಇಷ್ಟಕ್ಕೇ ಊಟ ಮಾಡಿ ಮಲಗಿದ್ದರೆ ನನ್ನ ಕಥೆ ಬೇರೆಯೇ ಆಗುತ್ತಿತ್ತು. ನನ್ನ ಅನುಮಾನದ ಚಾಳಿ ಬಿಡಬೇಕಲ್ಲ. ಈ ಅಧಿಕಾರಿ ನಾಳೆ ಮಾತು ತಿರುಗಿಸಿದರೆ ನಮ್ಮ ಕೈಯಲ್ಲೂ ಫೋಟೊ ಇರಲಿ ಅಂತ, ಮಧ್ಯಾಹ್ನದ ಬಿಸಿಲಲ್ಲಿ ಒಬ್ಬಳೇ ದಿಬ್ಬಕ್ಕೆ ಹೋದೆ. ಬೆಳಗ್ಗೆ ಬಲೆಯನ್ನು ಮಾತ್ರ ನೋಡಿದ್ದೆ. ಈಗ ಬಲೆಯ ಕೆಳಗಿನ ನೆಲ ನೋಡಿದೆ.

ನೆಲವೇ ಇರಲಿಲ್ಲ. ಮೇಲಿನ ಕಾಲುವೆಯಲ್ಲಿ ಮಡಚಿ ಹೂತಿದ್ದ ತುದಿ ಹಾಗೇ ಇತ್ತು, ಕೆಳಗಿನ ಮರಳು ಹೋಗಿಬಿಟ್ಟಿತ್ತು. ಗೂಟಗಳು ಬಲೆಗೇ ಜೋತುಬಿದ್ದಿದ್ದವು. ಮರಳು ಹೋದದ್ದಕ್ಕೆ ಗೂಟ ಸಡಿಲ, ಗೂಟ ಸಡಿಲವಾಗಿದ್ದಕ್ಕೆ ಗಾಳಿ ಒಳಗೆ ನುಗ್ಗಿ ಬಲೆಯನ್ನು ಬಡಿದು ಹರಿದಿದೆ. ಅಂದರೆ ಮೊದಲು ಹೋಗಿದ್ದು ಬಲೆ ಅಲ್ಲ, ಮರಳು. ಬಲೆ ಹಾಸಿದ್ದೇ ಮರಳು ಹಿಡಿಯೋಕೆ, ಅದು ಯಾಕೆ ಹೋಯಿತು?

ಹತ್ತು ಮಾರು ಆಚೆ, ನಾವು ಹಾಸದೆ ಬಿಟ್ಟ ಜಾಗ. ಅಲ್ಲಿ ಬಲೆಯೂ ಇಲ್ಲ, ಗೂಟವೂ ಇಲ್ಲ, ದಿಬ್ಬ ಮಾತ್ರ ಗಟ್ಟಿಯಾಗಿ ಕೂತಿದೆ. ಅದರ ಮೇಲೆ ಒಂದು ಬಳ್ಳಿ ಹಬ್ಬಿತ್ತು. ಆಡಿನ ಗೊರಸಿನ ಹಾಗೆ ತುದಿ ಸೀಳಿದ ದಪ್ಪ ಎಲೆ, ನೇರಳೆ ಹೂವು, ಗೆಣ್ಣಿಗೊಂದು ಬೇರು. ಅಲ್ಲಿಯವರು ಅದಕ್ಕೇನೋ ಹೆಸರು ಹೇಳುತ್ತಾರೆ, ನನ್ನ ನಾಲಿಗೆಗೆ ಹತ್ತಲಿಲ್ಲ, ನಾನು ಮರಳುಬಳ್ಳಿ ಅಂತಲೇ ಅನ್ನುತ್ತೇನೆ. ಒಂದು ಗೆಣ್ಣು ಎಳೆದು ನೋಡಿದೆ. ಬೇರು ಮೊಳದುದ್ದ ಒಳಗಿತ್ತು. ನಮ್ಮ ಬಲೆಯ ಕೆಳಗೆ ಮಾತ್ರ ಈ ಬಳ್ಳಿಯ ಒಂದು ಎಲೆಯೂ ಇರಲಿಲ್ಲ.

ಇನ್ನೂ ನಾಲ್ಕು ಹೆಜ್ಜೆ ಹೋದೆ. ದಿಬ್ಬದ ಹಿಂದಿನ ತಗ್ಗಿನಲ್ಲಿ, ಬೇಲಿಯ ಪಕ್ಕ, ಸಾಲಾಗಿ ಒಣಗಿದ ರಾಶಿಗಳು. ಆರು. ಬಳ್ಳಿಯನ್ನು ಚಾಪೆಯಂತೆ ಸುತ್ತಿ, ಬೇರು ಮೇಲೆ ಮಾಡಿ, ಬಿಸಿಲಿಗೆ ಒಡ್ಡಿ ಒಟ್ಟಿದ್ದರು. ತೆಂಗಿನ ತೋಟದಲ್ಲಿ ಗರಿಕೆ ಕಿತ್ತಾಗ ನಾವು ಹಾಗೆ ಒಟ್ಟುತ್ತೇವೆ, ಒಂದು ಗೆಣ್ಣು ನೆಲ ಮುಟ್ಟಿದರೂ ಮತ್ತೆ ಚಿಗುರುತ್ತೆ ಅಂತ. ಕರಾವಳಿಯವರಿಗೆ ಗರಿಕೆಯ ಕಾಟ ಏನು ಗೊತ್ತು? ಇದು ನಮ್ಮ ಕೈ. ಇದು ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕೈ. ಅಯ್ಯೋ ನನ್ನ ಕರ್ಮವೇ ಅಂತ ಆ ಸುಡುವ ಮರಳಿನ ಮೇಲೇ ಕೂತುಬಿಟ್ಟೆ.

ಫೋನ್ ಮಾಡಿ ಮೇಸ್ತ್ರಿಯನ್ನು ಅಲ್ಲಿಗೇ ಕರೆಸಿದೆ.

"ಏನಪ್ಪ ಇದು?"

ಅವನ ಮುಖ ಅರಳಿತು. "ನೋಡುದ್ರಾ? ಮೂರು ದಿನ ಬರೀ ಅದ್ನೇ ಕಿತ್ತಿದ್ದು ಅಕ್ಕ. ಏನ್ ಹಠದ ಬಳ್ಳಿ ಅಂತೀರಿ! ಗರಿಕೆಗಿಂತ ಕಡೆ. ಒಂದ್ ಬೇರೂ ಉಳಿಸ್ಲಿಲ್ಲ."

"ಯಾರು ಕೀಳೋಕೇಳಿದ್ದು?"

"ನೀವೇ ಕಣಕ್ಕ." ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಆಸ್ಪತ್ರೇಲಿದ್ದಾಗ. ವಾಯ್ಸು ಕಳ್ಸಿದ್ರಲ್ಲ. ಈಗ್ಲೂ ಐತೆ ನನ್ ಫೋನಲ್ಲಿ."

ನೆನಪಾಯಿತು. ಕೆಲಸದ ಕಾಗದದಲ್ಲಿ, ಅಲ್ಲಿರುವ ಸಸ್ಯಕ್ಕೆ ಧಕ್ಕೆಯಾಗದಂತೆ ಬಲೆ ಹಾಸಬೇಕು ಅಂತ ಒಂದು ಸಾಲು ಇತ್ತು. ಓದಿದ್ದೆ. ಓದಿ, ನೆಲ ಚೊಕ್ಕ ಮಾಡದ ಮೈಗಳ್ಳರು ಬರೆದ ಸಾಲು ಅಂದುಕೊಂಡಿದ್ದೆ. ಕಳೆ ಮೇಲೆ ಹಾಸಿದರೆ ಬಲೆ ನೆಲಕ್ಕೆ ಅಂಟೋದಿಲ್ಲ, ಆಮೇಲೆ ಅದೇ ನೆಪ ಮಾಡಿ ನಮ್ಮ ಮೇಲೆ ಹಾಕುತ್ತಾರೆ ಅಂತ ಅನುಮಾನಪಟ್ಟಿದ್ದೆ. ಆ ಅನುಮಾನದ ಮೇಲೆ ಫೋನು ಬಾಯಿಗೆ ಹಿಡಿದು ಅಪ್ಪಣೆ ಮಾಡಿದ್ದೆ.

"ಆ ಹೆಂಗಸು ಏನಂತಿದ್ಲು ಆಗ? ಅದು ಮುಟ್ಬೇಡಿ ಅಂತ ತಲೆ ತಿಂತಿದ್ಲು ಅಂದ್ಯಲ್ಲ, ಯಾವ್ದು ಮುಟ್ಬೇಡಿ ಅಂದ್ಲು?"

ಮೇಸ್ತ್ರಿಗೆ ಈಗ ಅರ್ಥವಾಗತೊಡಗಿತು. ರಾಶಿ ನೋಡಿದ, ಬಲೆ ನೋಡಿದ, ಆಚೆಯ ಹಸಿರು ದಿಬ್ಬ ನೋಡಿದ. "ಬಳ್ಳಿ ಮುಟ್ಬೇಡಿ ಅಂತಿದ್ಲು," ಅಂದ ಮೆಲ್ಲಗೆ. "ಒಂದಿನ ಅಡ್ಡ ಬಂದು ಕೂತೇಬುಟ್ಟಿದ್ಲು. ಹೋಗಮ್ಮ, ಕಳೆ ಸಾಕ್ಕೊಂಡಿರೋರ್ ಮಾತು ನಾವೇನು ಕೇಳೋದು ಅಂದ್ವಿ."

ಆಮೇಲೆ ಅವನು ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. "ಅಕ್ಕ, ಬುಡಿ ಅತ್ಲಾಗೆ. ಸರ್ಕು ಸರಿ ಐತೆ ಅಂತ ಅವ್ರೇ ಬರ್ಕೊಂಡವ್ರೆ. ಕೊಯ್ದಿದ್ದು ನಿಜ, ಅವ್ಳೇ ಒಪ್ಕೊಂಡವ್ಳೆ. ನಾವೇನು ಸುಳ್ಳೇಳಿಲ್ವಲ್ಲ. ಮೂರು ಗಂಟೆಗೆ ಸೈನ್ ಹಾಕಿ ಬಸ್ ಹತ್ತೋಣ. ಈಗ ಬಾಯ್ ಬುಟ್ರೆ ಪಟ್ಟಿಯಿಂದ ಹೆಸ್ರು ಹೋಯ್ತದೆ. ಹನ್ನೊಂದು ಜನ ಹೆಣ್ಮಕ್ಳು ಮಗ್ಗ ಬುಟ್ಟು ಎಲ್ಲೋಗ್ಬೇಕು?" ಫೋನು ತೆಗೆದ. "ಅಳುಸ್ಬುಡ್ಲಾ?"

ಬೇಡ ಅಂತ ತಟ್ಟನೆ ಅಂದೆ ಅಂತ ಬರೆಯಬಹುದು. ಹಾಗಾಗಲಿಲ್ಲ. "ಇಲ್ಲಿ ಕೊಡು," ಅಂದೆ. ನಾನೇ ಅಳಿಸಲಾ ಅಂತ ನನಗೂ ಇತ್ತು. ಅವನ ಫೋನು ಚೀಲಕ್ಕೆ ಹಾಕಿಕೊಂಡು ದಿಬ್ಬ ಇಳಿದೆ.

ಆಫೀಸು ಅಂದರೆ ಒಂದು ಕೋಣೆ. ಗೋಡೆಯ ತುಂಬ ಹಕ್ಕಿಗಳ ಚಿತ್ರ. ವರದಿ ಮೇಜಿನ ಮೇಲಿತ್ತು. ಸರಕು ತೃಪ್ತಿಕರ, ಕಾವಲಿನ ಲೋಪದಿಂದ ಹಾನಿ, ಕಾವಲುಗಾರ್ತಿಯನ್ನು ಇಂದಿನಿಂದಲೇ ಕೈಬಿಡಲಾಗಿದೆ. ಕೆಳಗೆ ನನ್ನ ಹೆಸರಿನ ಮುಂದೆ ಖಾಲಿ ಜಾಗ. ಅವಳು ಬಾಗಿಲ ಹತ್ತಿರ ನಿಂತಿದ್ದಳು. ಖಾಕಿ ಅಂಗಿ ಆಗಲೇ ಬಿಚ್ಚಿ ಮಡಚಿ ತಂದಿದ್ದಳು.

"ಕೊಯ್ದಿದ್ದು ಹೌದೋ ಅಲ್ವೋ?" ಅಧಿಕಾರಿ ಕೇಳಿದರು.

"ಹೌದು ಸರ್."

"ಮತ್ತೇನಾದ್ರೂ ಹೇಳೋದಿದ್ಯಾ?"

"ಎಂತ ಹೇಳುವುದು? ಬಳ್ಳಿ ಕೀಳುವಾಗ ಹೇಳಿದೆ. ಮರಳು ಹೋಗುವಾಗ ಹೇಳಿದೆ. ಹೇಳಿ ಹೇಳಿ ನನ್ನ ಬಾಯಿ ಒಣಗಿತು. ನನ್ನ ಮಾತು ನಿಮಗೆ ಯಾರಿಗೂ ಬೇಡ." ಅಂಗಿಯನ್ನು ಮೇಜಿನ ಮೇಲಿಟ್ಟಳು. ಕುತ್ತಿಗೆಯಿಂದ ಸೀಟಿ ತೆಗೆದು ಅದರ ಮೇಲಿಟ್ಟಳು. ಅಳಲಿಲ್ಲ. ಬೇಡಿಕೊಳ್ಳಲೂ ಇಲ್ಲ. ಕೋಪದಲ್ಲಿ ಎರಡನ್ನೂ ನನ್ನ ಮುಂದಕ್ಕೇ ತಳ್ಳಿದಳು.

ಬೇಡಿಕೊಂಡಿದ್ದರೆ ಬಹುಶಃ ನಾನು ಸಹಿ ಹಾಕಿಬಿಡುತ್ತಿದ್ದೆ. ನಾಟಕ ಅಂತ ಅಂದುಕೊಳ್ಳೋಕೆ ನನಗೊಂದು ನೆಪ ಸಿಗುತ್ತಿತ್ತು. ಆ ಮಡಚಿದ ಅಂಗಿ ನೋಡಿ ನನಗೆ ಎಷ್ಟು ನಾಚಿಕೆಯಾಯಿತು ಅಂದರೆ ಕುರ್ಚಿಯಿಂದ ಎದ್ದು ನಿಂತೆ.

"ಸಾರ್, ವರದಿ ತಪ್ಪಾಗಿದೆ. ತಪ್ಪು ನಮ್ಮದು. ದಿಬ್ಬದ ಬಳ್ಳಿ ಕೀಳಿಸಿದ್ದು ನಾನು. ಬಳ್ಳಿ ಹೋಗಿದ್ದಕ್ಕೆ ಮರಳು ಹೋಯ್ತು, ಮರಳು ಹೋಗಿದ್ದಕ್ಕೆ ಬಲೆ ಬಿತ್ತು."

ಅಧಿಕಾರಿ ಪೆನ್ನು ಕೆಳಗಿಟ್ಟರು. ನನ್ನನ್ನು ನೋಡಿದರು, ಅವಳನ್ನು ನೋಡಿದರು. ಅವರ ಕಣ್ಣು ಸಣ್ಣದಾಯಿತು.

"ಮಧ್ಯಾಹ್ನ ಏನಾಯ್ತು ಮೇಡಂ?"

"ಏನಾಯ್ತು ಅಂದ್ರೆ?"

"ಬೆಳಗ್ಗೆ ಅವಳನ್ನ ಕಳ್ಳಿ ಅಂದ್ರಿ. ದೂರು ಕೊಟ್ಟಿದ್ದು ನೀವೇ. ಈಗ ಅವಳದೇನೂ ತಪ್ಪಿಲ್ಲ ಅಂತೀರಿ. ಅವಳ ಕಡೆಯವರು ಯಾರಾದ್ರೂ ಬಂದು ಹೆದರಿಸಿದ್ರಾ? ಇಲ್ಲಾ ನಿಮ್ಮಲ್ಲೇ ಏನಾದ್ರೂ ಮಾತುಕತೆ ಆಯ್ತಾ?"

ಜೀವಮಾನವೆಲ್ಲ ಬೇರೆಯವರನ್ನು ಹೀಗೆ ಕೇಳಿದವಳು ನಾನು. ನನ್ನನ್ನು ಯಾರೂ ಕೇಳಿರಲಿಲ್ಲ. ನಿಜ ಹೇಳಿದ ಮೇಲೂ ನಿಜ ಅಂತ ತೋರಿಸಬೇಕಾದರೆ ಹೇಗಿರುತ್ತೆ ಅಂತ ಅವತ್ತು ಗೊತ್ತಾಯಿತು. ಬಾಗಿಲ ಹತ್ತಿರ ಅವಳೂ ನನ್ನನ್ನೇ ನೋಡುತ್ತಿದ್ದಳು, ಇದು ಇನ್ಯಾವ ಹೊಸ ಆಟ ಅನ್ನುವ ಹಾಗೆ.

ಚೀಲದಿಂದ ಮೇಸ್ತ್ರಿಯ ಫೋನು ತೆಗೆದೆ. ನನ್ನ ಹಿಂದೆ ನಿಂತಿದ್ದ ಅವನು "ಅಕ್ಕ" ಅಂದ, ಅಷ್ಟೇ. ಶಿವರಾತ್ರಿಯ ಹೊತ್ತಿನ ಸಂದೇಶಗಳ ತನಕ ಹಿಂದಕ್ಕೆ ಹೋಗಿ, ಹುಡುಕಿ, ಒತ್ತಿ, ಮೇಜಿನ ಮೇಲಿಟ್ಟೆ.

ನನ್ನ ದನಿ ಬಂತು. ಹಿಂದೆ ಆಸ್ಪತ್ರೆಯ ಗಲಾಟೆ, ಅತ್ತೆ ನೀರು ಕೇಳುತ್ತಿರುವುದು, ಅದರ ಮೇಲೆ ನಾನು. "ನೋಡು ಮೇಸ್ತ್ರಿ, ಅವ್ರು ಕಾಗದದಲ್ಲಿ ಏನ್ ಬೇಕಾರೂ ಬರ್ಕೊಳ್ಲಿ. ಅದೇನ್ ಬಳ್ಳಿ ಐತೋ, ಗರಿಕೆ ತೆಗ್ದಂಗೆ ತೆಗ್ಸು. ಒಂದ್ ಬೇರೂ ಉಳೀಬಾರ್ದು. ಕಾವ್ಲಿನೋರ್ ಯಾರಾದ್ರೂ ಅಡ್ಡ ಬಂದ್ರೆ ನನ್ ಹೆಸ್ರೇಳು. ಅಂಥೋರ್ನ ನಂಬ್ಬೇಡ, ನೆಲ ಗಲೀಜಾಗಿದ್ರೆ ಕದಿಯೋರ್ಗೆ ಅನುಕೂಲ."

ಕೊನೆಯ ಮಾತು ನನಗೆ ಮರೆತೇಹೋಗಿತ್ತು. ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ಅಧಿಕಾರಿ ಅದನ್ನು ಇನ್ನೊಂದು ಸಲ ಹಾಕಿ ಕೇಳಿದರು. ಆಮೇಲೆ ದಿಬ್ಬದ ಹಿಂದಕ್ಕೆ ಕರೆದುಕೊಂಡು ಹೋಗಿ ರಾಶಿಗಳನ್ನು ತೋರಿಸಿದೆ, ಎಲ್ಲಿಂದ ಎಲ್ಲಿತನಕ ಕಿತ್ತಿದ್ದು ಅಂತ ಮೇಸ್ತ್ರಿಯೇ ನಡೆದು ತೋರಿಸಿದ. ವಾಪಸ್ಸು ಬಂದು ಅವರು ವರದಿ ಹರಿದು ಹೊಸದು ಮಾಡಿಸಿದರು. ನಾನು ದೂರು ವಾಪಸ್ಸು ತಗೊಂಡು ಬರೆದುಕೊಟ್ಟೆ. ಅವಳ ಕೆಲಸ ಉಳಿಯಿತು. ನಮ್ಮ ಘಟಕದ ಹೆಸರು ಪಟ್ಟಿಯಿಂದ ಹೋಯಿತು. ಮುಂದಿನ ದಿಬ್ಬದ ಕೆಲಸ ನಮಗೆ ಸಿಗುವುದಿತ್ತು, ಅದೂ ಹೋಯಿತು. ಊರಿಗೆ ಬಂದ ಮೇಲೆ ಹನ್ನೊಂದು ಜನರ ಮುಂದೆ ಕೂತು ಎಲ್ಲ ಹೇಳಿದೆ. ಇಬ್ಬರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಈಗ ಹಸುವಿನ ಹಗ್ಗ, ಬಾವಿಹಗ್ಗ ಹೊಸೆದು ದಂಡಿನಶಿವರದ ಸಂತೆಗೆ ಹಾಕುತ್ತಿದ್ದೇವೆ. ಮಗ್ಗ ಸುಮ್ಮನೆ ನಿಂತಿದೆ.

ಆದರೆ ನಾವು ಅವತ್ತೇ ಬಸ್ಸು ಹತ್ತಲಿಲ್ಲ. ಮಳೆ ಹತ್ತು ದಿನದಲ್ಲಿ ಬರುತ್ತೆ ಅಂದರು. ಅಷ್ಟರೊಳಗೆ ಬಳ್ಳಿಯ ತುಂಡು ನೆಟ್ಟರೆ ಮಳೆಗೆ ಬೇರು ಬಿಡುತ್ತೆ, ಇಲ್ಲದಿದ್ದರೆ ದಿಬ್ಬ ಆ ಮಳೆಗಾಲದಲ್ಲೇ ಜೌಗಿಗೆ ಇಳಿದುಹೋಗುತ್ತೆ. ನಾವೇ ನೆಟ್ಟು ಹೋಗುತ್ತೇವೆ ಅಂದೆ. ಅಧಿಕಾರಿ ಯೋಚನೆ ಮಾಡಿ, "ಆಕೆ ನಿಂತು ಮಾಡಿಸೋದಾದ್ರೆ ಮಾಡಿ" ಅಂದರು. ಅವಳು ಮಾರನೇ ದಿನ ಬೆಳಗ್ಗೆ ಖಾಕಿ ಹಾಕಿಕೊಂಡು ದಿಬ್ಬದ ಮೇಲಿದ್ದಳು.

ಹಸಿರು ದಿಬ್ಬದಲ್ಲಿ ದಟ್ಟವಾಗಿದ್ದ ಕಡೆಯಿಂದ ಅವಳೇ ಮೊಳದುದ್ದದ ತುಂಡು ಕೊಯ್ದು ಕೊಟ್ಟಳು. ಮೂರು ಗೆಣ್ಣು ಮರಳಿನೊಳಗೆ, ಒಂದು ಗೆಣ್ಣು ಮೇಲೆ. ಗಾಳಿಗೆ ಅಡ್ಡವಾಗಿ ಸಾಲು. ಹರಿಯದೆ ಉಳಿದ ಬಲೆಯನ್ನು ಸಾಲಿನ ಮೇಲೆ ಸಡಿಲವಾಗಿ ಎಳೆದು, ಕಣ್ಣಿನಿಂದ ಎಲೆ ಹೊರಗೆ ಬರುವ ಹಾಗೆ ಬಿಡುವುದು. ಅವಳು ಹೇಳಿದ್ದನ್ನೆಲ್ಲ ಮೇಸ್ತ್ರಿ ಹಾಗೇ ಮಾಡಿದ. ಮೂರು ದಿನ ಹಿಡಿಯಿತು. ಅವಳು ನಮ್ಮ ಹಿಂದೆಯೇ ಬರುತ್ತಿದ್ದಳು. ನೆಟ್ಟ ಪ್ರತಿಯೊಂದು ತುಂಡನ್ನೂ ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ಎಳೆದು ನೋಡುತ್ತಿದ್ದಳು.

ಎರಡನೇ ದಿನ ನಾನು ಬಾಯಿ ಬಿಟ್ಟು ತಪ್ಪಾಯ್ತು ಕಣಮ್ಮ ಅಂದೆ. ಅವಳು ಕೇಳಿಸಿಕೊಂಡಳು. ಮುಂದಿನ ತುಂಡು ಎಳೆದು ನೋಡಿದಳು.

ಕೊನೆಯ ದಿನ ಸಂಜೆಯ ಹೊತ್ತಿಗೆ ಸಮುದ್ರದ ಮೇಲೆ ಮೋಡ ಕಟ್ಟಿತ್ತು. ಕೊನೆಯ ಸಾಲು ನಾನು ನೆಡುತ್ತಿದ್ದೆ. ಸೊಂಟ ಬಿದ್ದುಹೋಗಿತ್ತು, ಉಗುರಿನ ಸಂದಿಯೆಲ್ಲ ಮರಳು. ಅವಳು ನಾನು ನೆಟ್ಟ ಒಂದು ತುಂಡು ಎಳೆದಳು, ಸಲೀಸಾಗಿ ಕಿತ್ತು ಅವಳ ಕೈಗೆ ಬಂತು. ಅದನ್ನು ನನ್ನ ಮುಂದೆ ಹಾಕಿದಳು.

"ಇನ್ನೂ ಆಳ ಬೇಕು. ಗೇಟು ಹಾಕಲಿಕ್ಕೆ ಹೊತ್ತಾಯಿತು, ನಿಮ್ಮನ್ನು ನಂಬಿ ಬಿಟ್ಟು ಹೋಗುವ ಹಾಗೂ ಇಲ್ಲ."

"ನಂಬ್ಬೇಡಿ ಕಣ್ರೀ," ಅಂದೆ. "ಇಲ್ಲೇ ನಿಂತು ನೋಡ್ಕೊಳಿ."

ಅವಳು ಅಲ್ಲೇ ನಿಂತಳು. ನಾನು ಮೊಣಕೈ ಮುಳುಗುವ ತನಕ ಮರಳು ತೋಡಿ ಅದೇ ತುಂಡನ್ನು ಮತ್ತೆ ನೆಟ್ಟೆ.